ಮಾದಪ್ಪನ ದಾರಿಗೆ 3,499 ರೂಪಾಯಿಯ ಶೂ: ಮಳವಳ್ಳಿಯಿಂದ ಕೊಳ್ಳೇಗಾಲದವರೆಗೆ

ಶೂ ಬಗ್ಗೆ ಬರೆಯೋಣ ಅಂತ ಕೂತರೆ ಕಾಲಿನ ಕತೆಯೇ ಜಾಸ್ತಿ ಬರುತ್ತಿದೆ. ಮೊದಲೇ ಹೇಳಿಬಿಡುತ್ತೇನೆ.

ಶಿವರಾತ್ರಿಗೆ ನಮ್ಮ ಬೀದಿಯ ಹನ್ನೊಂದು ಜನ ಮಳವಳ್ಳಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋದೆವು. ಮೊದಲ ದಿನ ಕೊಳ್ಳೇಗಾಲ, ಸುಮಾರು 30 ಕಿ.ಮೀ. ಆಮೇಲೆ ಹನೂರು, ಕೌದಳ್ಳಿ, ತಾಳಬೆಟ್ಟ, ಅಲ್ಲಿಂದ ಮೇಲಕ್ಕೆ. ಒಟ್ಟು ನಾಲ್ಕು ದಿನ. ಗುಂಪಿನಲ್ಲಿ ನಾನೊಬ್ಬನೇ ಹೊಸಬ. ಇಬ್ಬರು ಹರಕೆ ಹೊತ್ತು ಬರಿಗಾಲಲ್ಲಿ ಹೊರಟರು, ಉಳಿದವರಿಗೆ ಮನೆಯಲ್ಲಿದ್ದ ಚಪ್ಪಲಿ. ಮಂಡ್ಯಕ್ಕೆ ಹೋಗಿ 3,499 ರೂಪಾಯಿ ಕೊಟ್ಟು ವಾಕಿಂಗ್ ಶೂ ತಂದ ಜಾಣ ನಾನೇ. ಕಂಪನಿ ಹೆಸರು, ಅಂಗಡಿ ಹೆಸರು ಎರಡೂ ಬೇಡ. ತಪ್ಪಿನಲ್ಲಿ ಅರ್ಧ ಪಾಲು ನನ್ನದೂ ಇದೆ.

ಅಂಗಡಿಗೆ ಹೋಗಿದ್ದು ಬೆಳಗ್ಗೆ ಹತ್ತೂವರೆಗೆ, ಕಾಲಲ್ಲಿ ತೆಳ್ಳನೆ ಆಫೀಸ್ ಸಾಕ್ಸು. ಎಂಟು ನಂಬರ್ ಹಾಕಿಸಿ, ಹೆಬ್ಬೆರಳಿನ ಜಾಗ ಒತ್ತಿ ನೋಡಿದ ಹುಡುಗ, 'ಕರೆಕ್ಟಾಗಿದೆ ಸರ್, ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ' ಅಂದ. ನಡೆಯೋಕೆ ಅಂತ ಹೇಳಿದ್ದೆ, ಎಷ್ಟು ದೂರ ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯಿಂದ ಬಸ್ ಸ್ಟ್ಯಾಂಡಿಗೆ ಎರಡು ಸಲ ಹಾಕಿಕೊಂಡು ಹೋಗಿ ಬಂದೆ. ಅಷ್ಟೇ ಅಭ್ಯಾಸ.

ಬೆಳಗಿನ ಜಾವ ಮೂರೂವರೆಗೆ ಹೊರಟೆವು. 'ಉಘೇ ಮಾದಪ್ಪ' ಅಂತ ಹಿರಿಯರೊಬ್ಬರು ಕೂಗಿದರು, ನಾವು ಉಘೇ ಉಘೇ ಅಂದೆವು, ನಾಯಿಗಳು ಬೊಗಳಿದವು. ಊರು ದಾಟಿದರೆ ಗಾಢ ಕತ್ತಲು. 1902ರಲ್ಲಿ ಇಲ್ಲೇ ಪಕ್ಕದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಯವರೆಗೆ ಕರೆಂಟ್ ಎಳೆದರಂತೆ, ನಾವು ಮಾತ್ರ ಮೊಬೈಲ್ ಟಾರ್ಚ್ ಹಿಡಿದುಕೊಂಡು ಹೋಗಬೇಕು, ಇರಲಿ ಬಿಡಿ. ಈ ಹೊತ್ತಿನಲ್ಲಿ ಶೂ ನಿಜವಾಗಲೂ ಕಾಸಿಗೆ ತಕ್ಕ ಕೆಲಸ ಮಾಡಿತು. ಹಿಮ್ಮಡಿಯ ಮೇಲೆ ಬೆಳ್ಳಿ ಪಟ್ಟಿ ಇದೆ, ಹೆಡ್‌ಲೈಟ್ ಬಿದ್ದರೆ ಫಳ್ ಅಂತ ಹೊಳೆಯುತ್ತದೆ. ಹಿಂದಿನ ದೀಪವೇ ಇಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡುವ ರೋಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಅದನ್ನು ನೋಡಿ ನನ್ನನ್ನು ಸಾಲಿನ ಕೊನೆಗೆ ಹಾಕಿದರು. ಗಾಡಿ ಎದುರಿಗೆ ಕಾಣಲಿ ಅಂತ ರೋಡಿನ ಬಲಗಡೆಯೇ ನಡೆದೆವು, ಆದರೂ ಹಿಂದಿನಿಂದ ಓವರ್‌ಟೇಕ್ ಮಾಡಿಕೊಂಡು ಬರುವವನ ಭಯ ಇದ್ದೇ ಇರುತ್ತೆ ಅಲ್ವಾ.

ಅಟ್ಟೆ ಮೆತ್ತಗಿದೆ, ಜಲ್ಲಿ ಚುಚ್ಚುವುದಿಲ್ಲ. ತೂಕ ಕಡಿಮೆ. ಬೆಳಕು ಹರಿಯುವ ಹೊತ್ತಿಗೆ ಆಲೆಮನೆಯ ಬೆಲ್ಲದ ವಾಸನೆ ಬರುತ್ತಿತ್ತು, ಕಾಲಿಗೆ ಏನೂ ಆಗಿರಲಿಲ್ಲ. ಚಪ್ಪಲಿಯವರನ್ನು ನೋಡಿ ಒಳಗೊಳಗೇ ಪಾಪ ಅಂದುಕೊಂಡೆ. ಆ ಕ್ಷಣ ಯಾರಾದರೂ ಕೇಳಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಸತ್ತೇಗಾಲದ ಸೇತುವೆ ಹತ್ತಿರ ಎಲ್ಲಾ ಕೆಟ್ಟಿತು. ಕಾವೇರಿ ಕಂಡ ಕೂಡಲೇ ಎಲ್ಲರೂ ಹೊಳೆಗೆ ಇಳಿದರು, ನಾನೂ ಶೂ ಬಿಚ್ಚಿ ಅರ್ಧ ಗಂಟೆ ಕಾಲು ನೀರಲ್ಲಿ ಬಿಟ್ಟು ಕೂತೆ. ಸ್ವರ್ಗ. ಆಮೇಲೆ ಸರಿಯಾಗಿ ಒರೆಸದೆ, ಬೆವರಿಗೆ ನೆನೆದಿದ್ದ ಅದೇ ಕಾಟನ್ ಸಾಕ್ಸಿಗೆ ಕಾಲು ತುರುಕಿದೆ. ಶೂ ಒಳಗೆ ಕಾಲು ಹೋಗಲೇ ಇಲ್ಲ! ಐದು ಗಂಟೆ ನಡೆದು ಕಾಲು ಊದಿತ್ತು. ಲೇಸ್ ಪೂರ್ತಿ ಸಡಿಲ ಮಾಡಿ ಹೇಗೋ ಹಾಕಿಕೊಂಡೆ. ನೀರಲ್ಲಿ ನೆನೆದು ಮೆತ್ತಗಾದ ಚರ್ಮ, ಬಿಗಿ ಶೂ, ಒದ್ದೆ ಸಾಕ್ಸು. ಮೂರು ಕಿ.ಮೀ. ಹೋಗುವಷ್ಟರಲ್ಲಿ ಎರಡೂ ಹಿಮ್ಮಡಿಗೆ ಬೊಬ್ಬೆ, ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪು.

ಅಷ್ಟು ಹೊತ್ತಿಗೆ ಬಿಸಿಲು ಏರಿ ಟಾರು ಕಾಯುತ್ತಿತ್ತು. ಬರಿಗಾಲಿನ ಹಿರಿಯರು ಮಾತ್ರ ಆರಾಮಾಗಿ ಹೋಗುತ್ತಿದ್ದರು. ಹೇಗೆ ಅಂತ ಕೇಳಿದೆ. ರೋಡಿನ ಅಂಚಿನಲ್ಲಿ ಬಿಳಿ ಗೆರೆ ಎಳೆದಿರುತ್ತಾರಲ್ಲ, ಅದರ ಮೇಲೇ ಹೆಜ್ಜೆ ಇಡು ಅಂದರು. ಶೂ ಬಿಚ್ಚಿ ನೋಡಿದೆ. ಹೌದು, ಕಪ್ಪು ಟಾರಿಗಿಂತ ಬಿಳಿ ಬಣ್ಣ ಕಡಿಮೆ ಸುಡುತ್ತದೆ. 3,499 ಕೊಟ್ಟರೂ ಈ ಬುದ್ಧಿ ಡಬ್ಬಿಯಲ್ಲಿ ಬರಲಿಲ್ಲ.

ಮುಂದೆ ಒಂದು ಪೆಟ್ಟಿಗೆ ಅಂಗಡಿಯಲ್ಲಿ 150 ರೂಪಾಯಿಗೆ ಹವಾಯಿ ಚಪ್ಪಲಿ ಸಿಕ್ಕಿತು. ಶೂಗಳನ್ನು ಲೇಸಿನಿಂದ ಗಂಟು ಹಾಕಿ ಕೊರಳಿಗೆ ಹಾಕಿಕೊಂಡೆ. 'ಮಾದಪ್ಪಂಗೆ ಶೂ ಹರಕೆನಾ ಅಣ್ಣ?' ಅಂತ ಸ್ಕೂಲ್ ಹುಡುಗನೊಬ್ಬ ಕೇಳಿದ. ಚಪ್ಪಲಿಯೇನೂ ದೇವರಲ್ಲ, ಸಂಜೆಗೆ ಬೆರಳ ಸಂದಿಯನ್ನೂ ತಿಂದಿತ್ತು, ಆದರೆ ಕಾಲು ಊದಲು ಜಾಗ ಕೊಟ್ಟಿತು. ದಾರಿಯುದ್ದಕ್ಕೂ ನೀರುಮಜ್ಜಿಗೆ, ಪಾನಕ, ಕಲ್ಲಂಗಡಿ ಹಂಚುತ್ತಿದ್ದರು. ಯಾರ ಹತ್ತಿರವೂ ಒಂದು ಪೈಸೆ ಕೇಳಲಿಲ್ಲ. ಒಂದು ಪೆಂಡಾಲಿನಲ್ಲಿ ಬಿಸಿ ಚಿತ್ರಾನ್ನ ಕೊಟ್ಟು, ನಾನು ತಿನ್ನುತ್ತಿರುವಾಗಲೇ ಅಜ್ಜಿಯೊಬ್ಬರು ಕೊಬ್ಬರಿ ಎಣ್ಣೆ ಬಟ್ಟಲು ತಂದು ಪಕ್ಕದಲ್ಲಿಟ್ಟರು. ಇನ್ನೊಬ್ಬರು ಸೂಜಿ ದಾರ ಹಿಡಿದು ಬೊಬ್ಬೆ ಒಡೆಯಲು ಬಂದರು, ಬೇಡ ಅಂದೆ. ಮೇಲಿನ ಚರ್ಮ ಹಾಗೇ ಇದ್ದರೆ ಕೀವು ಆಗುವ ಭಯ ಕಡಿಮೆ.

ಕೊಳ್ಳೇಗಾಲ ಮುಟ್ಟಿದ್ದು ಮಧ್ಯಾಹ್ನ ಮೂರಕ್ಕೆ. ಮಿಕ್ಕ ಮೂರು ದಿನ, ಬೆಟ್ಟದ ಏರು ಕೂಡ, ಅದೇ ಚಪ್ಪಲಿ.

ವಾಪಸ್ ಬಂದು ಅಂಗಡಿಗೆ ಹೋದೆ. ಹಾಕಿದ ಶೂ ವಾಪಸ್ ತಗೊಳ್ಳಲ್ಲ ಅಂದರು. ಬಿಲ್ಲಿನ ಹಿಂದೆ ಹಾಗೇ ಪ್ರಿಂಟ್ ಇದೆ, ಒಪ್ಪಿದೆ. ಆದರೆ ನಡೆಯೋಕೆ ಅಂತ ಕೇಳಿದವನಿಗೆ ಒಂಬತ್ತು ನಂಬರನ್ನೂ ಹಾಕಿಸಿ ನೋಡಬೇಕಿತ್ತು ಅಂತ ಹೇಳಿಯೇ ಬಂದೆ. ನೀವು ತಗೊಳ್ಳುವುದಾದರೆ ಸಂಜೆ ಹೋಗಿ, ಕಾಲು ಸ್ವಲ್ಪ ಊದಿರುತ್ತದೆ. ಹಾಕುವ ಸಾಕ್ಸನ್ನೇ ಕೊಂಡೊಯ್ಯಿರಿ, ಬೆವರು ಹಿಡಿದಿಟ್ಟುಕೊಳ್ಳುವ ಕಾಟನ್ ಬೇಡ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಇರಲಿ. ಎರಡು ವಾರ ಹಾಕಿ ಪಳಗಿಸಿ.

ಶೂಗೆ ಮೂರೂವರೆ, ಅಂಗಡಿಗೆ ಎರಡು. ಈಗ ಅದು ತಮ್ಮನ ಕಾಲಲ್ಲಿದೆ. ಅವನದು ಏಳು ನಂಬರ್. ಗದ್ದೆಗೆ ನೀರು ಕಟ್ಟಲು ಹೋಗುವಾಗಲೂ ಅದನ್ನೇ ಹಾಕಿಕೊಂಡು ಹೋಗುತ್ತಾನೆ, ಐದಕ್ಕೆ ಐದು ಅಂತಾನೆ.