ಬೇಸ್ ಗಿಟಾರ್‌ಗೆ ಕಾಂಬೊ ಸಾಕಾ, ಹೆಡ್ಡು-ಕ್ಯಾಬಿನೆಟ್ ಬೇಕಾ?

ಮಂಡ್ಯದ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು.

ಕಾಂಬೊ ಅಂದರೆ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್), ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಶುರುವಿಗೆ ಖರ್ಚು ಕಡಿಮೆ. ಆದರೆ ಆಂಪ್ ಕೆಟ್ಟರೆ ಇಡೀ ಪೆಟ್ಟಿಗೆಯನ್ನೇ ಹೊತ್ತುಕೊಂಡು ರಿಪೇರಿಗೆ ಹೋಗಬೇಕು. ಹೆಡ್ಡು ಅಂದರೆ ಬರೀ ಆಂಪ್, ಕ್ಯಾಬಿನೆಟ್ ಅಂದರೆ ಬರೀ ಸ್ಪೀಕರ್ ಪೆಟ್ಟಿಗೆ. ಈಗಿನ ಕ್ಲಾಸ್ ಡಿ (ಹಗುರವಾದ ಬಗೆಯ ಆಂಪ್) ಹೆಡ್ಡುಗಳು ಎರಡು ಮೂರು ಕಿಲೋ ಅಷ್ಟೇ, ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಬಹುದು. ಕ್ಯಾಬಿನೆಟ್ಟಿಗೆ ಮಾತ್ರ ಆಟೋನೇ ಬೇಕು.

ಹೆಡ್ಡು ತಗೊಂಡರೆ ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) ಲೆಕ್ಕ ಗೊತ್ತಿರಲೇಬೇಕು. 8 ಓಮಿನ ಎರಡು ಕ್ಯಾಬಿನೆಟ್ ಸೇರಿಸಿದರೆ ತಡೆ ಅರ್ಧಕ್ಕಿಳಿದು ಒಟ್ಟು 4 ಓಮ್. ಬಹಳಷ್ಟು ಹೆಡ್ಡುಗಳಿಗೆ ಅದೇ ಕೊನೆಯ ಮಿತಿ, ಅದಕ್ಕಿಂತ ಕೆಳಗಿಳಿಯಬಾರದು, ಹಿಂದುಗಡೆ ಬರೆದಿರುತ್ತದೆ. ಒಮ್ಮೆ ಗಣೇಶನ ಪೆಂಡಾಲಿನಲ್ಲಿ ಜಾಸ್ತಿ ಸದ್ದು ಬರಲಿ ಅಂತ ಮೂರನೆಯದನ್ನೂ ಚುಚ್ಚಿದೆ. ಎರಡನೇ ಹಾಡಿಗೇ ಫ್ಯಾನ್ ಕಿರುಗುಟ್ಟಿ ಹೆಡ್ಡು ಆಫ್ ಆಯ್ತು! ಕಾಂಬೊದಲ್ಲಿ ಈ ತಲೆನೋವು ಕಡಿಮೆ, ಹೊರಗಿನ ಸ್ಪೀಕರ್ ಸೇರಿಸಿದರೆ ಮಾತ್ರ ನೋಡಬೇಕು.

ಬೇಸಿನ ದಪ್ಪ ಇ ತಂತಿ ಸುಮಾರು 41 ಹರ್ಟ್ಸ್, ತುಂಬಾ ತಗ್ಗಿನ ಸ್ವರ. ಚಿಕ್ಕ ಗಿಟಾರ್ ಆಂಪಿನಲ್ಲಿ ಅದನ್ನು ಜೋರಾಗಿ ನುಡಿಸಿದರೆ ಸ್ಪೀಕರೇ ಹರಿಯಬಹುದು.

ಮೈಸೂರಿನ ಬಾಡಿಗೆ ಮನೆಯಲ್ಲಿ ಅಭ್ಯಾಸಕ್ಕೆ ಹೆಡ್‌ಫೋನ್ ತೂತಿರುವ ಚಿಕ್ಕ ಕಾಂಬೊ ಸಾಕು, ಓನರ್ ಬೈಯಲ್ಲ. ವೇದಿಕೆಯಲ್ಲಿ ಡಿಐನಿಂದ (ಬೇಸಿನ ಸಿಗ್ನಲನ್ನು ನೇರ ಮಿಕ್ಸರಿಗೆ ಕಳಿಸುವ ಸಂಪರ್ಕ) ಮಿಕ್ಸರಿಗೆ ಲೈನ್ ಹೋಗುತ್ತದೆ ಅಂದರೂ ಕಾಂಬೊ ನಡೆಯುತ್ತೆ. ಸೌಂಡ್‌ನವರು ಡ್ರಮ್ಮು, ಮೈಕು ಮಾತ್ರ ನೋಡಿಕೊಂಡು ಬೇಸನ್ನು ನಿಮ್ಮ ಪಾಡಿಗೆ ಬಿಡುತ್ತಾರಾ? ಹಾಗಿದ್ದರೆ ಹೆಡ್ಡು, ಜೊತೆಗೆ 12 ಇಂಚಿನ ಒಂದು ಕ್ಯಾಬಿನೆಟ್ ತಗೊಳ್ಳಿ. 8 ಓಮಿನದೇ ಇರಲಿ, ಮುಂದೆ ಇನ್ನೊಂದು ಸೇರಿಸಬಹುದು.