ಕಾರಿನ ಹಿಂಭಾಗ ತಗ್ಗಿಸಲು ಬ್ಲಾಕೋ, ಸ್ಪ್ರಿಂಗ್ ಬಾಗು ಇಳಿಸೋದೋ?

ಹಳೇ ಕಾರಿನ ಹಿಂದಿನ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಡ್ಡ ದಂಡ) ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಮೇಲೆ ಕೂತಿದ್ದರೆ ಬ್ಲಾಕ್ ಸುಲಭ. ಎರಡರ ನಡುವೆ ಲೋಹದ ತುಂಡು ಇಟ್ಟು ಉದ್ದದ ಯು-ಬೋಲ್ಟ್ ಬಿಗಿದರೆ ಆಯಿತು, ಬೇಡವಾದರೆ ಬಿಚ್ಚಿಡಬಹುದು. ಆದರೆ ಬ್ಲಾಕ್ ದಪ್ಪವಾದಷ್ಟೂ ಸ್ಪ್ರಿಂಗನ್ನು ತಿರುಚುವ ಬಲ ಜಾಸ್ತಿ. ಜೋರಾಗಿ ಹೊರಟಾಗ ಪಟ್ಟಿಗಳು ಎಸ್ ಆಕಾರಕ್ಕೆ ಬಾಗಿ ಹಿಂದಿನ ಚಕ್ರ ಕುಪ್ಪಳಿಸಬಹುದು. ಒಂದರ ಮೇಲೊಂದು ಪೇರಿಸೋದಂತೂ ಬೇಡವೇ ಬೇಡ.

ಸ್ಪ್ರಿಂಗ್ ಬಾಗನ್ನೇ ಕಡಿಮೆ ಮಾಡಿಸಿದರೆ ಈ ಕಾಟ ಇಲ್ಲ. ಆದರೆ ಅದು ನುರಿತವರ ಕೆಲಸ, ಸುಮ್ನೆ ಸುತ್ತಿಗೆ ಹಿಡಿದು ಬಡಿಯೋದಲ್ಲ. ಪಟ್ಟಿ ಚಪ್ಪಟೆಯಾದಂತೆ ತುದಿಗಳ ಅಂತರ ಹೆಚ್ಚಿ ಶಾಕಲ್ (ಸ್ಪ್ರಿಂಗ್ ತುದಿಯನ್ನು ಗಾಡಿಗೆ ಸೇರಿಸುವ ಓಲಾಡುವ ಕೊಂಡಿ) ವಾಲುತ್ತದೆ, ಅದನ್ನೂ ನೋಡಿ.

ಬಂಪ್ ಸ್ಟಾಪ್‌ಗೆ (ಆಕ್ಸಲ್ ಮೇಲೆದ್ದು ಗಾಡಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ಇರುವ ಜಾಗ ಎರಡರಲ್ಲೂ ಕಡಿಮೆಯಾಗುತ್ತದೆ. ನನ್ನ ಕೇಳಿದರೆ, ಸ್ವಲ್ಪವೇ ತಗ್ಗಿಸೋದಾದರೆ ತೆಳು ಬ್ಲಾಕ್ ಸಾಕು, ಜಾಸ್ತಿ ಬೇಕಿದ್ದರೆ ಸ್ಪ್ರಿಂಗೇ ಮಾಡಿಸಿ.