ಮಕ್ಕಳು ಮಲಗಿದ ಮೇಲೋ, ಆಚೆ ಹೋಗಿಯೋ, ಹಗಲಲ್ಲೋ? ಇಬ್ಬರಿಗೇ ಅಂತ ಎರಡು ಗಂಟೆ

ಚಿಕ್ಕವನಿಗೆ ವರ್ಷ ತುಂಬುವ ಹೊತ್ತಿಗೆ ನಾನೂ ನಮ್ಮವರೂ ಆಡುತ್ತಿದ್ದ ಮಾತೆಲ್ಲ ಪಾಳಿ ಬದಲಿಸುವವರ ಮಾತಾಗಿಹೋಗಿತ್ತು. "ಔಷಧಿ ಎಷ್ಟೊತ್ತಿಗೆ ಕೊಟ್ರಿ?" "ನಾಳೆ ಯಾರು ಬಿಡೋದು?" "ಡಯಾಪರ್ ಮುಗೀತಾ ಬಂತು." ಜಗಳವೇನೂ ಇರಲಿಲ್ಲ. ಆದರೆ ಒಂದು ರಾತ್ರಿ ಇವರ ಮೊಣಕೈ ಹತ್ತಿರ ಉದ್ದಕ್ಕೆ ಒಣಗಿದ ಗಾಯ ಕಂಡು, "ಇದು ಯಾವಾಗ ಆಯ್ತು?" ಅಂದೆ. "ಹತ್ತು ದಿನ ಆಯ್ತಲ್ಲ" ಅಂದರು. ಒಂದೇ ಮನೆಯಲ್ಲಿದ್ದೂ ಹತ್ತು ದಿನ ನಾನು ಅದನ್ನು ನೋಡಿರಲಿಲ್ಲ. ಆವತ್ತು ನಿದ್ದೆ ಹತ್ತಲಿಲ್ಲ.

ಆಮೇಲೆ ಇಬ್ಬರೂ ಕೂತು, ನಮಗೇ ಅಂತ ಒಂದಿಷ್ಟು ಹೊತ್ತು ತೆಗೆದಿಡಲೇಬೇಕು ಅಂತ ನಿಶ್ಚಯ ಮಾಡಿದೆವು. ದೊಡ್ಡದೇನೂ ಬೇಡ, ಎರಡು ಗಂಟೆ ಸಾಕು. ಆರು ತಿಂಗಳಲ್ಲಿ ಬೇರೆ ಬೇರೆ ರೀತಿ ಪ್ರಯತ್ನಪಟ್ಟಿದ್ದೇವೆ. ಮಗಳಿಗೆ ಆಗ ನಾಲ್ಕು ವರ್ಷ, ಮಗ ಒಂದು ದಾಟಿ ಎರಡರ ಕಡೆಗೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು: ಮಕ್ಕಳು ಮಲಗಿದ ಮೇಲೆ ಮನೆಯಲ್ಲೇ. ಇದರ ಲೆಕ್ಕ ಸ್ವಲ್ಪ ನೋಡಿ. ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹೇಳಿದ ಪ್ರಕಾರ ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನದೂ ಸೇರಿ. ಅಂದರೆ ಎಂಟಕ್ಕೆ ಮಲಗಿದ ಮಗು ಬೆಳಿಗ್ಗೆ ಆರಕ್ಕೆಲ್ಲ ಎದ್ದು ಕೂರುತ್ತದೆ. ದೊಡ್ಡವರಿಗೂ ಏಳು ಗಂಟೆಯಾದರೂ ನಿದ್ದೆ ಬೇಕಲ್ಲ. ಹಾಗಾಗಿ ನಮ್ಮ ಕೈಗೆ ಸಿಗುವುದು ಎಂಟೂವರೆಯಿಂದ ಹತ್ತೂವರೆ, ಅಷ್ಟೇ. ಇದರಲ್ಲಿ ಒಂದು ಅನುಕೂಲ ಇದೆ. ಗಾಢ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಮೊದಲ ಭಾಗದಲ್ಲಿ. ನಾವು ಮೆಲ್ಲಗೆ ನಕ್ಕರೂ ಮಾತಾಡಿದರೂ ಮಕ್ಕಳು ಏಳುವುದು ಕಡಿಮೆ.

ಮೊದಲ ಸಲ ಸಿನಿಮಾ ಹಾಕಿದೆವು. ಇಪ್ಪತ್ತು ನಿಮಿಷಕ್ಕೆ ಇವರಿಗೆ ತೂಕಡಿಕೆ. ಎಚ್ಚರವಾಗಿದ್ದರೂ ಏನು ಬಂತು? ಇಬ್ಬರ ಕಣ್ಣೂ ಗೋಡೆಯ ಕಡೆ. ಎರಡನೆಯ ಸಲ ಪರದೆ ಬಿಟ್ಟು ಪ್ರಶ್ನೆಗಳನ್ನು ತೆಗೆದುಕೊಂಡೆವು. ಆರ್ಥರ್ ಆರನ್ ಎಂಬ ಮನಃಶಾಸ್ತ್ರಜ್ಞರೂ ಅವರ ಜೊತೆಗಾರರೂ 1997ರಲ್ಲಿ ಪ್ರಕಟಿಸಿದ 36 ಪ್ರಶ್ನೆಗಳಿವೆ. ಹನ್ನೆರಡರಂತೆ ಮೂರು ಗುಂಪು. ಮೊದಲು ಹಗುರ, ಹೋಗುತ್ತ ಹೋಗುತ್ತ ಒಳಗಿನವು. ಅಪರಿಚಿತರನ್ನು ಹತ್ತಿರ ತರಬಹುದೇ ಅಂತ ನೋಡಲು ಮಾಡಿದ್ದು ಅದು. ಮದುವೆಯಾಗಿ ವರ್ಷಗಳಾದವರಿಗೆ ಏನು ಹೊಸದು ಸಿಕ್ಕೀತು ಅಂದುಕೊಂಡಿದ್ದೆ. ಎಂಟನೆಯದಕ್ಕೆ ಬರುವಷ್ಟರಲ್ಲಿ ಗಂಟೆ ಹತ್ತು. ಇವರು ಚಿಕ್ಕಂದಿನಲ್ಲಿ ಒಂದು ಇಡೀ ರಜೆ ಯಾರ ಜೊತೆಗೂ ಮಾತಾಡದೆ ಕಳೆದಿದ್ದರು ಅನ್ನುವುದು ನನಗೆ ಗೊತ್ತಾಗಿದ್ದು ಆ ರಾತ್ರಿ.

ಆದರೂ ಮನೆಯ ರಾತ್ರಿಗೆ ಒಂದು ಕೊರತೆ ಇತ್ತು, ಅದು ಹಿಡಿಯಲು ನನಗೆ ಮೂರು ಸಲ ಬೇಕಾಯಿತು. ಕಿವಿ. ಇವರು ಏನೋ ಹೇಳುತ್ತಿರುತ್ತಾರೆ, ಒಳಗಿನಿಂದ ಒಂದು ಕೆಮ್ಮು. ಮಾತು ಅಲ್ಲೇ ನಿಲ್ಲುತ್ತದೆ. ಇಬ್ಬರೂ ಉಸಿರು ಹಿಡಿದು ಬಾಗಿಲ ಕಡೆ ತಿರುಗುತ್ತೇವೆ. ಮತ್ತೇನೂ ಕೇಳುವುದಿಲ್ಲ, ಆದರೆ ಆ ಮಾತಿನ ಎಳೆ ತಪ್ಪಿರುತ್ತದೆ. ಸದ್ದೇ ಇಲ್ಲದಾಗಲೂ ತಾಯಿಯ ಕಿವಿ ಆ ಕೋಣೆಯಲ್ಲೇ ಇರುತ್ತದೆ. ಎದುರಿಗೆ ಕೂತವನಿಗೆ ಸಿಗುವುದು ಅರ್ಧ ಹೆಂಡತಿ. ಇದಕ್ಕೆ ನಾವು ಕಂಡುಕೊಂಡ ಪರಿಹಾರ, ಆವತ್ತಿನ ಕಾವಲು ಒಬ್ಬರದೇ ಅಂತ ಮೊದಲೇ ಹಂಚಿಕೊಳ್ಳುವುದು. ಕೆಮ್ಮಿದರೂ ಅತ್ತರೂ ಎದ್ದು ಹೋಗುವವರು ಅವರೇ. ಇನ್ನೊಬ್ಬರು ಕದಲಬಾರದು. ಮೊದಲೆರಡು ಸಲ ಕುರ್ಚಿ ಹಿಡಿದು ಕೂರಬೇಕಾಯಿತು, ಆಮೇಲೆ ಅಭ್ಯಾಸವಾಯಿತು. ಇನ್ನೊಂದು ಮಾತು: ಮಡಚದ ಬಟ್ಟೆಯ ರಾಶಿ ಕಣ್ಣಿಗೆ ಬೀಳುವ ಕೋಣೆ ಬೇಡ. ನಾವು ಬಾಲ್ಕನಿಯಲ್ಲಿ ಚಾಪೆ ಹಾಕುತ್ತೇವೆ, ಬಾಗಿಲು ಅರ್ಧ ತೆರೆದಿಟ್ಟು.

ಇನ್ನು ರಾತ್ರಿ ಆಚೆ ಹೋಗುವುದು. ನಾನು ಹೆಚ್ಚು ಆಸೆ ಇಟ್ಟುಕೊಂಡಿದ್ದು ಇದರ ಮೇಲೆ. ಅತ್ತೆ ಬಂದು ಮಕ್ಕಳ ಹತ್ತಿರ ಇದ್ದರು. ಮಗನಿಗೆ ಆಗ ಹದಿನಾರು ತಿಂಗಳು. ತಾಯ್ತಂದೆಯರನ್ನು ಬಿಟ್ಟಿರುವ ಭಯ ಮಕ್ಕಳಲ್ಲಿ ಎಂಟು ತಿಂಗಳ ಸುಮಾರಿಗೆ ಶುರುವಾಗಿ, ಹತ್ತರಿಂದ ಹದಿನೆಂಟು ತಿಂಗಳ ನಡುವೆ ಜೋರಾಗಿರುತ್ತದೆ. ಅದರ ಮಧ್ಯಕ್ಕೇ ನಾವು ಹೊರಟಿದ್ದೆವು. ಅಳುತ್ತಾನೆ ಅಂತ ಅವನು ಆಡುತ್ತಿದ್ದಾಗ ಕಣ್ಣು ತಪ್ಪಿಸಿ ಹೊರಟೆವು. ಅದು ತಪ್ಪು. ಅವನು ಮನೆಯೆಲ್ಲ ಹುಡುಕಿ, ಕೊನೆಗೆ ನನ್ನ ಚಪ್ಪಲಿ ಇಡುವ ಜಾಗದಲ್ಲಿ ಕೂತು ಅತ್ತನಂತೆ. ಅತ್ತೆ ಅದನ್ನು ಫೋನಿನಲ್ಲಿ ಹೇಳಲಿಲ್ಲ, ಬಂದ ಮೇಲೆ ಹೇಳಿದರು. ಮುಂದಿನ ಸಲದಿಂದ ಮುದ್ದು ಕೊಟ್ಟು, "ನೀನು ಮಲಗಿದ ಮೇಲೆ ಬರ್ತೀವಿ" ಅಂತ ಹೇಳಿಯೇ ಹೊರಡುತ್ತೇವೆ. ಅಳುತ್ತಾನೆ, ಆದರೆ ಹುಡುಕುವುದಿಲ್ಲ. ಮೊದಲು ಅರ್ಧ ಗಂಟೆ, ಆಮೇಲೆ ಒಂದು ಗಂಟೆ, ಹೀಗೆ ರೂಢಿ ಮಾಡಿಸಿದ್ದು ಒಳ್ಳೆಯದಾಯಿತು.

ಹೊರಗಿನ ರಾತ್ರಿಯಲ್ಲಿ ಒಂದು ಸುಖ ಇದೆ, ಸುಳ್ಳು ಹೇಳಬಾರದು: ಎರಡೂ ಕೈ ಖಾಲಿ ಇಟ್ಟುಕೊಂಡು ಪಕ್ಕಪಕ್ಕದಲ್ಲಿ ನಡೆಯುವುದು. ಹೆಗಲ ಮೇಲೆ ಚೀಲವಿಲ್ಲ, ಸೊಂಟದ ಮೇಲೆ ಮಗುವಿಲ್ಲ. ಎದುರುಬದುರು ಕೂತಾಗ ಬಾರದ ಮಾತು ನಡೆಯುವಾಗ ಬರುತ್ತದೆ. ಆದರೆ ಹನ್ನೊಂದಕ್ಕೆ ಮನೆಗೆ ಬಂದು, ಆರಕ್ಕೆ ಏಳುವಾಗ ಮೈ ಕೇಳುವುದಿಲ್ಲ. ಮಾರನೆಯ ದಿನ ಇಬ್ಬರೂ ಮಕ್ಕಳ ಮೇಲೆ ಸಿಡಿಮಿಡಿ. ಎರಡು ಗಂಟೆಯ ಸಂತೋಷಕ್ಕೆ ಒಂದು ಇಡೀ ದಿನ ತೆರಬೇಕಾದರೆ ಅದನ್ನು ಪದೇ ಪದೇ ಮಾಡಲಾಗದು.

ಬೆಳಗಿನ ಜಾವ ಐದಕ್ಕೆ ಎದ್ದು ಕೂತು ನೋಡಿದೆವು, ಎರಡೇ ಸಲ. ಬೆಳಗಾಗುತ್ತ ಬಂದಂತೆ ನಿದ್ದೆ ತೆಳುವಾಗುತ್ತದೆ. ಲೋಟ ಇಟ್ಟ ಸದ್ದಿಗೇ ಮಗಳು ಎದ್ದು ಬಂದು ಮಡಿಲಲ್ಲಿ ಕೂತಳು. ಇನ್ನು ಸ್ನೇಹಿತರ ಕುಟುಂಬದ ಜೊತೆ ಬದಲಿ: ಒಂದು ಸಂಜೆ ಅವರ ಮಕ್ಕಳು ನಮ್ಮಲ್ಲಿ, ಮುಂದಿನ ವಾರ ನಮ್ಮವರು ಅಲ್ಲಿ. ಸಂಬಂಧಿಕರು ಹತ್ತಿರವಿಲ್ಲದವರಿಗೆ ಇದು ದೊಡ್ಡ ಆಸರೆ. ನಾಲ್ಕು ಮಕ್ಕಳನ್ನು ಸಂಭಾಳಿಸುವ ತ್ರಾಣ ಬೇಕು, ಅಷ್ಟೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಾದದ್ದು ನಾವು ಕೊನೆಗೆ, ಬೇರೆ ದಾರಿ ಕಾಣದೆ ಮಾಡಿದ್ದು: ಹಗಲು. ಕೆಲಸದ ದಿನ, ಮಗಳು ಶಾಲೆಯಲ್ಲಿ, ಮಗ ಶಿಶುವಿಹಾರದಲ್ಲಿ. ಇಬ್ಬರೂ ಒಂದೇ ದಿನ ಅರ್ಧ ದಿನ ರಜೆ ಹಾಕಿದೆವು. ಹನ್ನೊಂದು ಗಂಟೆಗೆ ಇವರ ಮುಖ ಬಿಸಿಲಲ್ಲಿ ನೋಡಿ ಎಷ್ಟು ಕಾಲವಾಗಿತ್ತು! ಆಕಳಿಕೆ ಇಲ್ಲ. ಮಕ್ಕಳನ್ನು ನೋಡಿಕೊಳ್ಳಿ ಅಂತ ಯಾರನ್ನೂ ಬೇಡಬೇಕಿಲ್ಲ. ಮತ್ತೆ ಕಿವಿ, ಮಕ್ಕಳು ತಮ್ಮ ದಿನನಿತ್ಯದ ಜಾಗದಲ್ಲೇ, ಗೊತ್ತಿರುವವರ ಹತ್ತಿರವೇ ಇದ್ದಾರೆ ಅನ್ನುವಾಗ ಅದು ತಾನಾಗಿ ಸುಮ್ಮನಾಗುತ್ತದೆ.

ಇದರಲ್ಲಿರುವ ಅಪಾಯ ಒಂದೇ, "ಹೇಗೂ ಆಚೆ ಬಂದಿದ್ದೀವಲ್ಲ" ಅನ್ನುವ ಮಾತು. ಮೊದಲ ಸಲ ಹಾಗೆ ಅಂದುಕೊಂಡು ಬ್ಯಾಂಕಿಗೂ ದರ್ಜಿ ಅಂಗಡಿಗೂ ಹೋಗಿ ಒಂದೂವರೆ ಗಂಟೆ ಕಳೆದೆವು. ಈಗ ಆ ದಿನ ಒಂದು ಕೆಲಸವೂ ಕೂಡದು, ಔಷಧಿ ತರುವುದೂ ಇಲ್ಲ.

ಇದೇ ಆರನ್ ಮತ್ತವರ ತಂಡದ ಇನ್ನೊಂದು ಅಧ್ಯಯನ 2000ದಲ್ಲಿ ಬಂತು. ಗಂಡ ಹೆಂಡತಿಯ ಮಣಿಕಟ್ಟನ್ನೂ ಕಾಲನ್ನೂ ಒಂದಕ್ಕೊಂದು ಕಟ್ಟಿ, ನಡುವೆ ಒಂದು ದಿಂಬನ್ನು ಕೈ, ಹಲ್ಲು ತಾಕಿಸದೆ ಹಿಡಿದು, ಚಾಪೆಯ ಮೇಲೆ ತೆವಳಿಸಿದರು. ಬರೀ ಏಳು ನಿಮಿಷ. ಸಪ್ಪೆ ಕೆಲಸ ಕೊಟ್ಟ ಜೋಡಿಗಳಿಗಿಂತ ಇವರಿಗೆ ತಮ್ಮ ಸಂಬಂಧದ ಬಗ್ಗೆ ಹೆಚ್ಚು ಸಮಾಧಾನ ಕಂಡಿತು. ನಾವು ತೆವಳಲಿಲ್ಲ, ಆದರೆ ಇಬ್ಬರಿಗೂ ಬಾರದ್ದೊಂದನ್ನು ಮಾಡೋಣ ಅಂತ ಮಗಳ ಕ್ರೆಯಾನ್ ಡಬ್ಬಿ ಹಿಡಿದು ಉದ್ಯಾನಕ್ಕೆ ಹೋದೆವು. ಮರದ ಕೆಳಗೆ ಕೂತು ಒಬ್ಬರ ಮುಖ ಇನ್ನೊಬ್ಬರು ಬರೆಯುವುದು. ಚಿತ್ರ ಬರಲಿ ಬಿಡಲಿ, ಬರೆಯಬೇಕಾದರೆ ನೋಡಲೇಬೇಕು. ಇವರ ಕಿವಿಯ ಹಿಂದೆ ಬಿಳಿ ಕೂದಲು ಬಂದಿದೆ, ಎಡಹುಬ್ಬಿನ ತುದಿ ಕೆಳಗಿಳಿದಿದೆ. ಇವರು ನನ್ನ ಹುಬ್ಬುಗಳ ನಡುವೆ ಎರಡು ಗೆರೆ ಎಳೆದು ಕೈ ನಿಲ್ಲಿಸಿದರು. "ಇದು ಮೊದಲು ಇರಲಿಲ್ಲ ಅಲ್ವಾ?" ಅಂದರು. ಇರಲಿಲ್ಲ. ನನಗೆ ಗಂಟಲು ತುಂಬಿ ಬಂತು.

ಈಗ ನಮ್ಮಲ್ಲಿ ನಿಂತಿರುವುದು ಹೀಗೆ: ತಿಂಗಳಿಗೊಂದು ಹಗಲು, ವಾರಕ್ಕೊಂದು ರಾತ್ರಿ ಬಾಲ್ಕನಿ, ಆಚೆಯ ರಾತ್ರಿ ವರ್ಷಕ್ಕೆರಡು. ರಜೆ ಹೊಂದಿಸಲಾಗದವರು ಬಾಲ್ಕನಿಯ ದಾರಿ ಹಿಡಿಯಿರಿ, ಕಾವಲು ಹಂಚಿಕೊಳ್ಳುವುದು ಮಾತ್ರ ಬಿಡಬೇಡಿ. ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಯುವ ಹಸುಗೂಸಿದ್ದರೆ ಇದಾವುದೂ ಬೇಡ. ಕೂಸು ತೊಡೆಯ ಮೇಲಿದ್ದಾಗಲೇ ಇಪ್ಪತ್ತು ನಿಮಿಷ ಪಕ್ಕದಲ್ಲಿ ಬಂದು ಕೂರಿ.

ಆ ಎರಡು ಚಿತ್ರಗಳನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಮುಂದಿನ ತಿಂಗಳ ರಜೆಗೆ ಇಬ್ಬರೂ ಅರ್ಜಿ ಕೊಟ್ಟಾಗಿದೆ. ಪ್ರಶ್ನೆಗಳಲ್ಲಿ ಇನ್ನೂ ಇಪ್ಪತ್ತೆಂಟು ಉಳಿದಿವೆ.